ಬೇಗಂ ಬಜಾರಿನ ಹುಣಸೆಯ ರಾಶಿ

ಹೈದರಾಬಾದಿನಲ್ಲಿ ನೆಲೆಸಿದ ಕನ್ನಡ ಸಂಸಾರಗಳಲ್ಲಿ ಬೇಗಂ ಬಜಾರಿನ ದಾರಿ ತಿಳಿಯದ ಮನೆ ಒಂದಾದರೂ ಉಂಟೆಂದು ನಾವು ನಂಬಲಾರೆವು. ಮದುವೆಯಾಗಲಿ, ಸೀಮಂತವಾಗಲಿ, ಹಬ್ಬವಾಗಲಿ, ಸಾಮಾನಿನ ಪಟ್ಟಿ ಉದ್ದವಾದಂತೆಲ್ಲ ನಮ್ಮ ಕಾಲು ಮೂಸಿ ನದಿಯ ಉತ್ತರ ದಂಡೆಯ ಆ ಇಕ್ಕಟ್ಟಾದ ಗಲ್ಲಿಗಳತ್ತಲೇ ತಿರುಗುತ್ತದೆ. ಬಾದಾಮಿ, ಪಿಸ್ತಾ, ಅಂಜೂರ, ಖುಬಾನಿಗಳ ಅಂಗಡಿಗಳಿಗೆ ಆ ಪೇಟೆ ಹೆಸರಾದದ್ದು. ಆದರೆ ಸಂಕ್ರಾಂತಿ ಕಳೆದು ಯುಗಾದಿ ಹತ್ತಿರವಾಗುವ ದಿನಗಳಲ್ಲಿ ನಮ್ಮ ಮನೆಯ ಹೆಂಗಸರು ಅಲ್ಲಿ ಹುಡುಕುವುದು ಅಷ್ಟು ದೊಡ್ಡಸ್ತಿಕೆಯಿಲ್ಲದ ಬೇರೊಂದು ಪದಾರ್ಥವನ್ನು: ಹೊಸ ಹುಣಸೆಹಣ್ಣನ್ನು. ವರ್ಷಕ್ಕೆ ಬೇಕಾದಷ್ಟನ್ನು ಒಮ್ಮೆಗೇ ತಂದು, ಬಿಸಿಲಿಗೆ ಹರವಿ, ಬೀಜ ನಾರು ಬಿಡಿಸಿ, ಉಪ್ಪು ಬೆರೆಸಿ ಜಾಡಿಗೆ ತುಂಬುವ ಪದ್ಧತಿ ಇನ್ನೂ ಅನೇಕ ಮನೆಗಳಲ್ಲಿದೆ.

ಆ ರಾಶಿಯಿಂದ ಒಂದು ಹಿಡಿ ತೆಗೆದು ಗಮನವಿಟ್ಟು ನೋಡಿದರೆ ಒಂದು ವಿಶೇಷ ಕಾಣುತ್ತದೆ. ಒಂದು ತುಣುಕಿನ ತಿರುಳು ದಪ್ಪ, ಇನ್ನೊಂದರದು ಬೀಜಕ್ಕೆ ಅಂಟಿದ ಬರಿಯ ಚರ್ಮ. ಒಂದು ಕಂದು, ಒಂದು ಕೆಂಪು, ಒಂದು ಹೊಂಬಣ್ಣ. ಒಂದು ಹಲ್ಲು ಚುಳ್ಳೆನ್ನುವಷ್ಟು ಹುಳಿ, ಪಕ್ಕದ್ದರಲ್ಲಿ ಹುಳಿಯ ಹಿಂದೆಯೇ ಸಿಹಿ. ಮಾವಿನ ವ್ಯಾಪಾರಿಯನ್ನು ಕೇಳಿದರೆ ಬೇನಿಶಾನ್, ಹಿಮಾಯತ್, ರಸಪುರಿ, ತೋತಾಪುರಿ ಎಂದು ಹೆಸರು ಹಿಡಿದು ಹೇಳುತ್ತಾನೆ. ಹುಣಸೆಯವನು ಹೇಳುವುದು ಹಳೆಯದು, ಹೊಸದು, ಬೀಜದ್ದು, ಬೀಜ ತೆಗೆದದ್ದು ಎಂದಷ್ಟೆ. ಅವನ ತಪ್ಪೇನೂ ಇಲ್ಲ. ಆ ರಾಶಿ ಒಂದು ತೋಟದ್ದಲ್ಲ. ಹತ್ತಾರು ಊರುಗಳ ಹೊಲದ ಬದು, ಕೆರೆಯ ಏರಿ, ರಸ್ತೆಯ ಅಂಚು, ದೇವಸ್ಥಾನದ ಅಂಗಳಗಳಲ್ಲಿ ತಾನಾಗಿ ಎದ್ದ ನೂರಾರು ಮರಗಳದ್ದು. ಆ ಮರಗಳಲ್ಲಿ ಒಂದರಂತೆ ಇನ್ನೊಂದಿಲ್ಲ. ಹೆಸರಿಲ್ಲದ ಈ ಬೆರಕೆಯೇ ನಮ್ಮ ನಾಡಿನ ಒಂದು ದೊಡ್ಡ ಐಶ್ವರ್ಯವೆಂದೂ, ಅದು ನಮ್ಮ ಕಣ್ಣೆದುರಿಗೇ ಕರಗುತ್ತಿದೆಯೆಂದೂ ಹೇಳುವುದಕ್ಕಾಗಿ ಈ ನಾಲ್ಕು ಮಾತು.

ಮೊದಲು ಪೇಟೆಯ ವಿಷಯ. ಗೋಲ್ಕೊಂಡದ ಸುಲ್ತಾನರು 1591ರಲ್ಲಿ ಹೈದರಾಬಾದನ್ನು ಕಟ್ಟಿದರು. 1762ರಿಂದ 1803ರವರೆಗೆ ಆಳಿದ ನಿಜಾಮ್ ಅಲಿ ಖಾನ್, ಅಂದರೆ ಎರಡನೆಯ ಆಸಫ್ ಜಾ, ಅವರ ಪತ್ನಿ ಹುಮ್ದಾ ಬೇಗಂ ವರ್ತಕರಿಗೆ ವ್ಯಾಪಾರಕ್ಕೆಂದು ಕೊಟ್ಟ ಜಮೀನಿನಲ್ಲಿ ಬೆಳೆದದ್ದೇ ಬೇಗಂ ಬಜಾರು. ಮಾರವಾಡ, ಗುಜರಾತು, ಮಹಾರಾಷ್ಟ್ರ, ತೆಲಂಗಾಣ, ಕನ್ನಡ ಸೀಮೆ ಎಲ್ಲ ಕಡೆಯ ಸರಕೂ ಜನವೂ ಅಲ್ಲಿ ಕೂಡಿದುವು. ಪಕ್ಕದ ಗೌಳಿಗುಡದ ಕಬ್ಬಿಣದ ಗುಮ್ಮಟದ ಕೆಳಗೆ ಬಹುಕಾಲ ಬಸ್ ನಿಲ್ದಾಣವಿತ್ತು. ಕಲಬುರ್ಗಿ, ಬೀದರ್, ರಾಯಚೂರುಗಳಿಂದ ಟ್ರಂಕು ಹೊತ್ತು ಬಂದ ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿ ಈ ನಗರದ ನೆಲವನ್ನು ಮೊದಲು ಮುಟ್ಟಿದ್ದು ಅಲ್ಲಿಯೇ. ಆ ಗುಮ್ಮಟ 2018ರ ಜುಲೈ ತಿಂಗಳಲ್ಲಿ ಕುಸಿದುಬಿತ್ತು. ದೂರದ ಊರುಗಳ ಬಸ್ಸುಗಳು ಅದಕ್ಕೆ ಬಹು ಮೊದಲೇ ಮೂಸಿಯ ನಡುಗಡ್ಡೆಯ ಮಹಾತ್ಮಾ ಗಾಂಧಿ ನಿಲ್ದಾಣಕ್ಕೆ ಹೋಗಿದ್ದುವು. ಕಾಗದದ ಮೇಲೆ ಹೆಸರು ಏನೇ ಇರಲಿ, ಆಟೋದವನಿಗೆ ನಾವು ಹೇಳುವುದು ‘ಇಮ್ಲಿಬನ್’ ಎಂದೇ. ಇಮ್ಲಿ ಎಂದರೆ ಹುಣಸೆ. ಬನ್ ಎಂದರೆ ನಮ್ಮ ಬನವೇ. ಊರಿಗೆ ಹೊರಡುವ ಪ್ರತಿಯೊಬ್ಬ ಕನ್ನಡಿಗನೂ ಹುಣಸೆಯ ಬನದಿಂದಲೇ ಹೊರಡುತ್ತಾನೆ. ಬನ ಮಾತ್ರ ಹೆಸರಿನಲ್ಲಿ ಉಳಿದಿದೆ. ಚಿಂತಲ್ ಬಸ್ತಿ, ಚಿಂತಲಕುಂಟಗಳಲ್ಲಿರುವುದೂ ಇದೇ ಮರ. ತೆಲುಗರ ‘ಚಿಂತ’ ಹುಣಸೆಯೇ. ನಮ್ಮ ಕಡೆ ಹುಣಸಮಾರನಹಳ್ಳಿ ಮೊದಲಾದ ಊರುಗಳಿರುವಂತೆ ಇಲ್ಲಿಯೂ ಹುಣಸೆ ಊರಿಗೆ ಹೆಸರು ಕೊಟ್ಟಿದೆ.

ಇಷ್ಟೊಂದು ಊರು ಕೇರಿಗಳಿಗೆ ಹೆಸರು ಕೊಟ್ಟ ಮರ ಈ ದೇಶದ್ದೇ ಇರಬೇಕೆಂದು ಯಾರಿಗಾದರೂ ತೋರುವುದು ಸಹಜ. ಅರಬ್ಬೀ ವರ್ತಕರು ಹಾಗೆಯೇ ತಿಳಿದರು. ‘ತಮರ್ ಹಿಂದಿ’, ಎಂದರೆ ಹಿಂದೂಸ್ತಾನದ ಖರ್ಜೂರ, ಎಂದು ಕರೆದರು. ಆ ಹೆಸರೇ ಯೂರೋಪಿಗೆ ಹೋಯಿತು. 1753ರಲ್ಲಿ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ ಶಾಸ್ತ್ರೀಯ ನಾಮಕರಣ ಮಾಡುವಾಗ ‘ಟ್ಯಾಮರಿಂಡಸ್ ಇಂಡಿಕಾ’ ಎಂದು ಬರೆದು, ಒಂದೇ ಹೆಸರಿನಲ್ಲಿ ಎರಡು ಸಲ ಹಿಂದೂಸ್ತಾನದ ಮುದ್ರೆ ಒತ್ತಿದ. ಆದರೆ ಸಸ್ಯಶಾಸ್ತ್ರಜ್ಞರ ಇಂದಿನ ಅಭಿಪ್ರಾಯದಂತೆ ಹುಣಸೆಯ ತವರು ಆಫ್ರಿಕ ಖಂಡದ ಒಣ ಬಯಲುಗಳು. ಅಲ್ಲಿಂದ ಅದು ಚರಿತ್ರೆಗೆ ಸಿಕ್ಕದ ಕಾಲದಲ್ಲಿಯೇ ಇಲ್ಲಿಗೆ ಬಂದಿತು. ಗಂಗಾ ಬಯಲಿನ ನರ್ಹನ್ ಎಂಬಲ್ಲಿ ಸಿಕ್ಕ 3,000 ವರ್ಷಕ್ಕೂ ಹಳೆಯ ಇದ್ದಿಲಿನಲ್ಲಿ ಹುಣಸೆಯ ಕಟ್ಟಿಗೆಯನ್ನು ಗುರುತಿಸಿದ್ದಾರೆ.

ಮಾತಿನಲ್ಲಿಯೂ ಅದು ಹಳೆಯ ಮರವೇ. ಪೂರ್ವದ ಹಳಗನ್ನಡದಲ್ಲಿ ಅದು ‘ಪುಣಿಸೆ’. ಪಕಾರ ಹಕಾರವಾದ ಕಾಲದಲ್ಲಿ ಪಾಲು ಹಾಲಾದಂತೆ, ಪೂವು ಹೂವಾದಂತೆ, ಪುಣಿಸೆ ಹುಣಿಸೆಯಾಯಿತು, ಪುಳಿ ಹುಳಿಯಾಯಿತು. ತಮಿಳರೂ ಮಲಯಾಳಿಗಳೂ ಇಂದಿಗೂ ಪುಳಿ ಎಂದೇ ಹೇಳುತ್ತಾರೆ. ಹೊರಗಿನಿಂದ ಬಂದ ಮರಕ್ಕೆ ನಾವು ಹೊರಗಿನ ಹೆಸರಿಡಲಿಲ್ಲ. ನಾಲಗೆಯ ಮೇಲಿನ ರುಚಿಯ ಹೆಸರನ್ನೇ ಕೊಟ್ಟು ಮನೆಯವನಾಗಿ ಮಾಡಿಕೊಂಡೆವು. ಹಾಗೆಯೇ ಆಫ್ರಿಕದಿಂದ ಬಂದ ಮತ್ತೊಂದು ಮರಕ್ಕೆ ಕನ್ನಡಿಗರು ‘ದೊಡ್ಡಹುಣಸೆ’ ಎಂದು ನೆಂಟಸ್ತಿಕೆ ಹಚ್ಚಿದರು. ಅದರ ಕಾಯಿಯ ತಿರುಳೂ ಹುಳಿ. ಗೋಲ್ಕೊಂಡದ ನಯಾ ಖಿಲ್ಲೆಯಲ್ಲಿ ಆನೆಯ ಮೈಯಂಥ ಬೊಡ್ಡೆಯ ಆ ಮರವೊಂದಿದೆ. ಹಾವೇರಿ ಜಿಲ್ಲೆಯ ಸವಣೂರಿನ ದೊಡ್ಡಹುಣಸೆಮಠಕ್ಕೆ ಹೆಸರು ಬಂದದ್ದೂ ಅಂಥ ಮರಗಳಿಂದಲೇ. ಇಂಗ್ಲಿಷಿನಲ್ಲಿ ಅದಕ್ಕೆ ಬಾವೊಬಾಬ್ ಎನ್ನುತ್ತಾರೆ. ಸಸ್ಯಶಾಸ್ತ್ರದ ಲೆಕ್ಕದಲ್ಲಿ ಅದಕ್ಕೂ ಹುಣಸೆಗೂ ಹತ್ತಿರದ ಸಂಬಂಧವಿಲ್ಲ. ನಮ್ಮ ಜನರ ಲೆಕ್ಕದಲ್ಲಿ ಉಂಟು.

ಬೇಗಂ ಬಜಾರಿನಿಂದ ನಡೆದುಹೋಗುವಷ್ಟು ದೂರದಲ್ಲಿ, ಅಫ್ಜಲ್‌ಗಂಜಿನ ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿ, ಒಂದು ಹಳೆಯ ಹುಣಸೆಮರವಿದೆ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ದಂಡೆಯ ಬಡಾವಣೆಗಳ ಮೇಲೆ ಹರಿಯಿತು. ಸುಮಾರು 15,000 ಜನ ಸತ್ತರೆಂದು ಅಂದಾಜು. ಆಗಿನ ಅಫ್ಜಲ್‌ಗಂಜ್ ಆಸ್ಪತ್ರೆಯೂ ನೀರುಪಾಲಾಯಿತು. ಆ ಪ್ರಳಯದಲ್ಲಿ ಸುಮಾರು 150 ಜನ ಈ ಒಂದು ಮರದ ಕೊಂಬೆಗಳನ್ನೇರಿ ಪ್ರಾಣ ಉಳಿಸಿಕೊಂಡರು. ಹುಣಸೆಮರದ ಕೆಳಗೆ ಮಲಗಬಾರದು, ಅಲ್ಲಿ ದೆವ್ವವಿದೆ ಎಂದು ಮಕ್ಕಳನ್ನು ಹೆದರಿಸುವ ನಾಡಿನಲ್ಲಿ, ದೇವರಂತೆ ಕೈ ಹಿಡಿದದ್ದು ಹುಣಸೆಮರವೇ. ಆಳಕ್ಕಿಳಿದ ಬೇರು, ಬಗ್ಗಿದರೂ ಮುರಿಯದ ಕೊಂಬೆ ಅದರ ಗುಣ. ಈ ಪ್ರವಾಹ ಮರುಕಳಿಸದಂತೆ ಉಪಾಯ ಹೇಳಲು ನಿಜಾಮ ಸರ್ಕಾರ 1909ರಲ್ಲಿ ಕರೆಸಿಕೊಂಡದ್ದು ನಮ್ಮ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರನ್ನು. ಅವರ ಯೋಜನೆಯ ಫಲವಾಗಿ 1920ರಲ್ಲಿ ಉಸ್ಮಾನ್ ಸಾಗರವೂ 1927ರಲ್ಲಿ ಹಿಮಾಯತ್ ಸಾಗರವೂ ಮುಗಿದುವು. ಅಣೆಕಟ್ಟಿನ ಚರಿತ್ರೆ ಎಲ್ಲರಿಗೂ ಗೊತ್ತು. ಮರದ ಚರಿತ್ರೆಯನ್ನು ಮಕ್ಕಳಿಗೆ ನಾವು ಹೇಳಬೇಕು.

ಈಗ ರಾಶಿಯೊಳಗಿನ ಬೆರಕೆಗೆ ಬರೋಣ. ಹುಣಸೆಯ ಹೂವು ಚಿಕ್ಕದು. ತೆಳುಹಳದಿಯ ಮೇಲೆ ಕೆಂಪು ಗೀರು. ಜೇನ್ನೊಣಗಳು ಒಂದು ಮರದ ಪರಾಗವನ್ನು ಇನ್ನೊಂದಕ್ಕೆ ಒಯ್ಯುತ್ತವೆ; ಕಾಯಿ ಕಚ್ಚುವುದು ಹೆಚ್ಚಾಗಿ ಹೀಗೆ ಬೇರೆ ಮರದ ಪರಾಗ ಬಿದ್ದಾಗಲೇ. ಆದ್ದರಿಂದ ಪ್ರತಿಯೊಂದು ಬೀಜಕ್ಕೂ ತಾಯಿ ಒಂದು ಮರ, ತಂದೆ ಇನ್ನೊಂದು. ಒಂದೇ ತಾಯಿಯ ಮಕ್ಕಳಲ್ಲಿ ಒಬ್ಬನಿಗೆ ಅಜ್ಜನ ಮೂಗು, ಒಬ್ಬಳಿಗೆ ಸೋದರತ್ತೆಯ ಕಣ್ಣು ಬರುವಂತೆ, ಒಂದೇ ಕಾಯಿಯ ಬೀಜಗಳಿಂದ ಎದ್ದ ಸಸಿಗಳೂ ಬೇರೆ ಬೇರೆ ಗುಣ ತಾಳುತ್ತವೆ. ತಂದೆತಾಯಿಗಳಿಂದ ಗುಣಗಳನ್ನು ಒಯ್ಯುವ ಸೂಕ್ಷ್ಮವಾದ ವಸ್ತುವಿಗೆ ವಂಶವಾಹಿ ಎನ್ನುತ್ತಾರೆ. ಪ್ರತಿ ಬೀಜದಲ್ಲಿಯೂ ವಂಶವಾಹಿಗಳ ಇಸ್ಪೀಟನ್ನು ಪ್ರಕೃತಿ ಹೊಸದಾಗಿ ಕಲಸಿ ಹಂಚುತ್ತದೆ.

ಈ ಹಂಚಿಕೆಯ ಫಲ ಬರಿಯ ಅಂದಚಂದದ್ದಲ್ಲ. ಕಾಯಿಯ ತೂಕದಲ್ಲಿ ತಿರುಳಿನ ಪಾಲು ಒಂದು ಮರದಲ್ಲಿ ಮೂರರಲ್ಲೊಂದಾದರೆ ಇನ್ನೊಂದರಲ್ಲಿ ಅರ್ಧ. ಹುಳಿಗೆ ಕಾರಣವಾದ ಟಾರ್ಟಾರಿಕ್ ಆಮ್ಲ ತಿರುಳಿನಲ್ಲಿ ನೂರಕ್ಕೆ 8ರಿಂದ 18ರವರೆಗೆ ಏರಿಳಿಯುತ್ತದೆ. ಕೆಲವು ಮರಗಳ ಎಳಗಾಯಿಯ ತಿರುಳು ರಕ್ತಗೆಂಪು. ಕೆಲವು ಪ್ರತಿವರ್ಷ ಫಲ ಕೊಡುತ್ತವೆ. ಹೆಚ್ಚಿನವು ಒಂದು ವರ್ಷ ಕೊಟ್ಟು ಒಂದು ವರ್ಷ ಮಲಗುತ್ತವೆ. ಮಳೆ ತಪ್ಪಿದ ವರ್ಷ, ಒಂದು ಸೀಮೆಯ ಮರಗಳೆಲ್ಲ ಒಂದೇ ದಿನ ಹೂಬಿಡುವಂಥವಾಗಿದ್ದರೆ ಊರಿಗೆ ಊರೇ ಹುಳಿಯಿಲ್ಲದೆ ಕೂರಬೇಕಾದೀತು. ಬೇರೆ ಬೇರೆಯಾಗಿರುವುದರಿಂದ ಒಂದು ಸೋತರೆ ಒಂದು ಕೈಹಿಡಿಯುತ್ತದೆ.

ಇನ್ನೊಂದು ಸಂಗತಿಯನ್ನು ಮುಖ್ಯವಾಗಿ ನೆನೆಯಬೇಕು. ಮಾವಿಗೆ ಕಾಡಿನಲ್ಲಿ ದಾಯಾದಿಗಳುಂಟು; ಅದೇ ಕುಲದ ಬೇರೆ ಜಾತಿಗಳು ಹಲವು. ಹುಣಸೆಗೆ ಆ ಭಾಗ್ಯವಿಲ್ಲ. ಅದರ ಕುಲದಲ್ಲಿ ಅದೊಂದೇ ಜಾತಿ. ನಾಳೆ ಒಂದು ರೋಗ ಬಂದರೆ ಸಾಲ ಕೇಳುವುದಕ್ಕೆ ನೆಂಟರ ಮನೆಯಿಲ್ಲ. ಅದರ ಆಸ್ತಿಯೆಲ್ಲ ಅದರ ಮರ ಮರಗಳ ನಡುವಣ ಭೇದದಲ್ಲಿಯೇ ಇದೆ.

ಆ ಆಸ್ತಿ ಒಂದೇ ಕಡೆ ಕಣ್ಣಿಗೆ ಬೀಳುವ ಸ್ಥಳ ಕರ್ನಾಟಕದಲ್ಲಿದೆ. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೇವನಹಳ್ಳಿಯ ಹತ್ತಿರ ನಲ್ಲೂರು ಎಂಬ ಹಳ್ಳಿ. ಅಲ್ಲಿ 54 ಎಕರೆಯಲ್ಲಿ ಸುಮಾರು 300 ಹುಣಸೆಮರಗಳ ತೋಪು. ಚೋಳರ ಕಾಲದ್ದೆಂದು ಜನ ನಂಬುತ್ತಾರೆ. ನಡುವೆ ಹಾಳುಬಿದ್ದ ಗುಡಿಯಿದೆ. ಬೊಡ್ಡೆ ಟೊಳ್ಳಾಗಿ, ನೆಲಕ್ಕೊರಗಿ, ಒರಗಿದಲ್ಲಿಂದಲೇ ಮತ್ತೆ ಚಿಗುರಿದ ಮುದಿಮರಗಳೂ ಅವುಗಳ ಮಕ್ಕಳು ಮೊಮ್ಮಕ್ಕಳೂ ಒಟ್ಟಿಗೆ ನಿಂತಿವೆ. ಮರದ ಗಾತ್ರ, ಬೆಳೆಯುವ ರೀತಿ, ಹಣ್ಣು, ಬೀಜ ಎಲ್ಲದರಲ್ಲಿಯೂ ಮರದಿಂದ ಮರಕ್ಕೆ ವ್ಯತ್ಯಾಸ. 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ 2007ರಲ್ಲಿ ಈ ತೋಪನ್ನು ಜೀವವೈವಿಧ್ಯ ಪಾರಂಪರಿಕ ತಾಣವೆಂದು ಸಾರಿದರು. ಇಡೀ ಭಾರತದಲ್ಲಿ ಆ ಮನ್ನಣೆ ಪಡೆದ ಮೊಟ್ಟಮೊದಲ ಸ್ಥಳ ಇದು. ಗಂಧದ ಕಾಡಲ್ಲ, ಹುಲಿಯ ಅಡವಿಯಲ್ಲ, ಒಂದು ಹುಣಸೆಯ ತೋಪು! ನಿವೇಶನಗಳ ಬೆಲೆ ಗಗನಕ್ಕೇರಿದ ವಿಮಾನನಿಲ್ದಾಣದ ಸೀಮೆಯಲ್ಲಿ ಆ 54 ಎಕರೆ ಉಳಿದಿರುವುದೇ ಕನ್ನಡಿಗರು ಹೆಮ್ಮೆಪಡಬೇಕಾದ ಮಾತು.

ಹಾಗಾದರೆ ಒಳ್ಳೆಯ ಮರದ ಗುಣವನ್ನು ಹಾಗೆಯೇ ಉಳಿಸಿಕೊಳ್ಳುವ ದಾರಿಯಿಲ್ಲವೇ ಎಂದು ಕೇಳಬಹುದು. ಉಂಟು, ಅದೇ ಕಸಿ. ಬೇಕಾದ ಮರದ ಕಡ್ಡಿಯನ್ನು ಬೇರೊಂದು ಸಸಿಯ ಮೇಲೆ ಕೂಡಿಸಿದರೆ ಆ ಕಡ್ಡಿ ತಾಯಿಮರದ ಪಡಿಯಚ್ಚಾಗಿ ಬೆಳೆಯುತ್ತದೆ. ಪೋರ್ಚುಗೀಸರ ಕಾಲದಲ್ಲಿ ಗೋವೆಯ ತೋಟಗಳಲ್ಲಿ ಮಾವಿಗೆ ಈ ವಿದ್ಯೆ ಬಲವಾಗಿ ಹಿಡಿಯಿತು. ನಮ್ಮ ಆಪೂಸು ಹುಟ್ಟಿದ್ದು ಹಾಗೆ. ಇಂದು ಎಷ್ಟು ಲಕ್ಷ ಆಪೂಸಿನ ಮರಗಳಿದ್ದರೂ ಲೆಕ್ಕಕ್ಕೆ ಅವು ಬಹುಮಟ್ಟಿಗೆ ಒಂದೇ ಮರದ ಕೊಂಬೆಗಳು. ಹುಣಸೆಗೂ ಈಗ ಆ ಕಾಲ ಬಂದಿದೆ. ತಮಿಳುನಾಡಿನ ಪೆರಿಯಕುಳಂನಿಂದ ಪಿಕೆಎಂ-1, ಮಹಾರಾಷ್ಟ್ರದಿಂದ ಪ್ರತಿಷ್ಠಾನ್, ನಮ್ಮ ಧಾರವಾಡದ ಕೃಷಿ ವಿಶ್ವವಿದ್ಯಾನಿಲಯದಿಂದ ಡಿಟಿಎಸ್-1 ಮೊದಲಾದ ಆಯ್ದ ತಳಿಗಳು ಹೊರಬಂದಿವೆ. ಬೀಜದ ಮರ ಫಲಕ್ಕೆ ಬರಲು 8–10 ವರ್ಷವಾದರೆ ಕಸಿಗಿಡ 4–5 ವರ್ಷಕ್ಕೆ ಕಾಯಿಬಿಡುತ್ತದೆ. ರೈತನಿಗೆ ಇದು ದೊಡ್ಡ ಉಪಕಾರ. ಅದನ್ನು ಬೇಡವೆನ್ನುವುದಕ್ಕೆ ಪೇಟೆಯಲ್ಲಿ ಕುಳಿತ ನಮಗೆ ಅಧಿಕಾರವಿಲ್ಲ.

ಆದರೆ ಎಲ್ಲೆಡೆಯೂ ಒಂದೇ ಆದಾಗ ಏನಾಗುತ್ತದೆಂಬುದನ್ನು ನಂಜನಗೂಡಿನ ರಸಬಾಳೆ ನಮಗೆ ಕಲಿಸಿದೆ. ಬಾಳೆ ಮರವಲ್ಲ ನಿಜ. ಆದರೂ ಪಾಠ ಒಂದೇ. ಬಾಳೆಯನ್ನು ನೆಡುವುದು ಕಂದಿನಿಂದ; ಆದ್ದರಿಂದ ಒಂದು ತಳಿಯ ತೋಟವೆಲ್ಲ ಒಂದೇ ಗಿಡದ ಪ್ರತಿಗಳು. ಪನಾಮಾ ಸೊರಗುರೋಗದ ಬೂಷ್ಟು ಮಣ್ಣಿಗೆ ಹೊಕ್ಕಾಗ ತಡೆಯುವ ಶಕ್ತಿ ಒಂದು ಗಿಡಕ್ಕಿಲ್ಲದಿದ್ದರೆ ಯಾವ ಗಿಡಕ್ಕೂ ಇಲ್ಲ. ಆ ಘಮಘಮಿಸುವ ಹಣ್ಣು ತನ್ನ ಊರಿನಲ್ಲಿಯೇ ಅಪರೂಪವಾಯಿತು. ಅದೇ ರೋಗ 20ನೆಯ ಶತಮಾನದ ಮಧ್ಯದಲ್ಲಿ ಮಧ್ಯ ಅಮೆರಿಕದ ‘ಗ್ರೋ ಮಿಶೆಲ್’ ಬಾಳೆಯ ತೋಟಗಳನ್ನೂ ಬರಿದುಮಾಡಿತು.

ಕಾಡಿನ ಆಸ್ತಿ ಕಳೆದುಹೋಗುವ ರೀತಿಗೆ ಮಲೆನಾಡಿನ ಅಪ್ಪೆಮಿಡಿ ಸಾಕ್ಷಿ. ಉಪ್ಪಿನಕಾಯಿಗೆಂದೇ ದೇವರು ಮಾಡಿದಂಥ ಈ ಮಾವು ಹೊಳೆಹಳ್ಳಗಳ ದಂಡೆಯಲ್ಲಿ ಬೀಜದಿಂದ ತಾನೇ ಎದ್ದದ್ದು. ಒಂದೊಂದು ಮರದ ಸೊನೆಯ ಪರಿಮಳ ಬೇರೆ. ಅದಕ್ಕೆ ತಕ್ಕಂತೆ ಅನಂತಭಟ್ಟನ ಅಪ್ಪೆ, ಮಾಳಂಜಿ, ಕರ್ಣಕುಂಡಲ, ಜೀರಿಗೆ ಎಂದು ಜನ ಹೆಸರಿಟ್ಟರು. ಮರವನ್ನು ಮನುಷ್ಯನಂತೆ ಹೆಸರು ಹಿಡಿದು ಕರೆದ ಜನ ಅವರು. 1964ರಲ್ಲಿ ಲಿಂಗನಮಕ್ಕಿಯ ಕಟ್ಟೆ ಮುಗಿದು ಶರಾವತಿಯ ಕಣಿವೆ ನೀರಿನಲ್ಲಿ ಮುಳುಗಿದಾಗ ಊರುಗಳೊಂದಿಗೆ ಅಪ್ಪೆಮರಗಳೂ ಮುಳುಗಿದುವು. ನಮಗೆ ದೀಪ ಬಂದಿತು. ಊರಿನವರಿಗೆ ಬೇರೆ ಕಡೆ ಹೊಲ ಕೊಡಬಹುದು; ಪ್ರತಿಯೊಂದೂ ಬೇರೆಯಾದ ಮರಕ್ಕೆ ಬದಲಿ ಎಲ್ಲಿಂದ ತರುವುದು?

ಬೇಗಂ ಬಜಾರಿನ ಒಣಹಣ್ಣಿನ ಅಂಗಡಿಯೂ ಇದೇ ಕಥೆ ಹೇಳುತ್ತದೆ. ಕಾಡುಬಾದಾಮಿ ಕಹಿ, ಹೆಚ್ಚು ತಿಂದರೆ ವಿಷ. ಯಾವ ಕಾಲದಲ್ಲಿಯೋ ಒಂದು ಮರ ಸಿಹಿಯ ಬೀಜ ಬಿಟ್ಟಿತು. ಅದನ್ನು ಕಂಡವನು ಬಿತ್ತಿದ. ಸೇಬಿನ ಮೂಲವನ್ನು ಹುಡುಕಿಕೊಂಡು ರಷ್ಯದ ವಿಜ್ಞಾನಿ ನಿಕೊಲಾಯ್ ವಾವಿಲೋವ್ 1929ರಲ್ಲಿ ಮಧ್ಯ ಏಷ್ಯದ ಆಲ್ಮಾ ಆಟಾದ ಬೆಟ್ಟಗಳಿಗೆ ಹೋದಾಗ, ಬಗೆಬಗೆಯ ಬಣ್ಣ ಗಾತ್ರ ರುಚಿಯ ಕಾಡುಸೇಬುಗಳ ಅರಣ್ಯವನ್ನೇ ಕಂಡರು. ಬೆಳೆಗಳ ತವರನ್ನು ಉಳಿಸದಿದ್ದರೆ ಬೆಳೆಗೆ ಭವಿಷ್ಯವಿಲ್ಲವೆಂದು ಅವರು ದೇಶದೇಶಗಳ ಬೀಜ ಕೂಡಿಹಾಕಿದರು. ರಾಜಕೀಯದ ದ್ವೇಷಕ್ಕೆ ಸಿಕ್ಕಿ 1943ರಲ್ಲಿ ಸರಾತೋವಿನ ಸೆರೆಮನೆಯಲ್ಲಿ ತೀರಿಕೊಂಡರು. ಲೆನಿನ್‌ಗ್ರಾಡಿನ ಮುತ್ತಿಗೆಯ ವರ್ಷಗಳಲ್ಲಿ ಅವರ ಸಂಸ್ಥೆಯ ಕೆಲವು ಸಹೋದ್ಯೋಗಿಗಳು, ಕೈಯಳತೆಯಲ್ಲಿ ಅಕ್ಕಿ ಕಾಳುಗಳ ಮೂಟೆಯಿದ್ದರೂ ಅದು ನಾಳೆಯ ಬೀಜವೆಂದು ಮುಟ್ಟದೆ, ಹಸಿವಿನಿಂದ ಸತ್ತರು. ಅವರು ಪ್ರಾಣ ಕೊಟ್ಟು ಕಾದದ್ದನ್ನು ನಾವು ಹುಣಸೆಯ ವಿಷಯದಲ್ಲಿ ಕಾಸಿನ ಖರ್ಚಿಲ್ಲದೆ ಕಾಯಬಹುದು.

ಏಕೆಂದರೆ ಕಸಿಯ ಕಡ್ಡಿಯಾದರೂ ಬರುವುದು ಎಲ್ಲಿಂದ? ಯಾವನೋ ಒಬ್ಬ ರೈತನ ಹಿತ್ತಿಲಲ್ಲಿ ಬೀಜದಿಂದ ಎದ್ದ ಒಂದು ಅಪೂರ್ವ ಮರದಿಂದ. ತುಮಕೂರು ಜಿಲ್ಲೆಯ ಚೇಳೂರಿನಲ್ಲಿ ತಂದೆ ನೆಟ್ಟ ಹಲಸಿನ ಮರವೊಂದು ಒಬ್ಬ ರೈತರ ಹೊಲದಲ್ಲಿತ್ತು. ತೊಳೆ ತಾಮ್ರಗೆಂಪು, ಕಾಯಿ ಕೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಹಿರೇಹಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರದ ವಿಜ್ಞಾನಿಗಳು ಅದರ ಗುಣ ಗುರುತಿಸಿ, 2017ರಲ್ಲಿ ಒಪ್ಪಂದ ಮಾಡಿಕೊಂಡು, ‘ಸಿದ್ದು’ ಎಂಬ ಹೆಸರಿನಲ್ಲಿ ಕಸಿಗಿಡಗಳನ್ನು ಮಾಡಿದರು. ಗಿಡ ಮಾರಿದ ಹಣದಲ್ಲಿ ದೊಡ್ಡ ಪಾಲು ರೈತರಿಗೇ ಸಂದಿತು. ಆ ಮರ ಮೊದಲೇ ಸೌದೆಯಾಗಿದ್ದರೆ? ಬೀಜದ ಮರಗಳಿದ್ದರೆ ತಾನೆ ಆರಿಸುವುದಕ್ಕೆ ಏನಾದರೂ ಇರುವುದು! ಕಸಿ ಬಡ್ಡಿಯಾದರೆ ಬೀಜದ ಮರ ಅಸಲು. ಅಸಲನ್ನು ತಿಂದು ಬಡ್ಡಿಯಿಂದ ಬದುಕಿದವರುಂಟೆ?

ಅಸಲು ಕರಗುತ್ತಿರುವುದು ಹೀಗೆ. ಹಿಂದೆ ಸಾಲುಮರಗಳೆಂದು ರಸ್ತೆಯ ಇಕ್ಕೆಲದಲ್ಲಿಯೂ ಹುಣಸೆ ನೆಡುತ್ತಿದ್ದರು. ಕಾಯಿಯ ಕಾಲದಲ್ಲಿ ಹರಾಜು ನಡೆದು ಬೊಕ್ಕಸಕ್ಕೆ ಹಣವೂ ಬರುತ್ತಿತ್ತು. ರಸ್ತೆಗಳು ಅಗಲವಾದಂತೆ ಆ ಮರಗಳು ಗರಗಸಕ್ಕೆ ಸಿಕ್ಕಿದುವು. ಹೊಲದ ಬದುವಿನ ಮರ ನೆರಳು ಮಾಡುತ್ತದೆಂದು ಹೋಯಿತು. ಇಟ್ಟಿಗೆಯ ಗೂಡಿಗೂ ಕೆಲವು ಹೋದುವು. ಹತ್ತು ವರ್ಷ ಕಾಯುವ ವ್ಯವಧಾನವಿಲ್ಲದೆ ಬೀಜ ಹಾಕುವವರು ಕಡಿಮೆಯಾದರು. ಕಂಬಳಿ ನೇಯುವ ಚಳ್ಳಕೆರೆಯ ಕಡೆ ಉಣ್ಣೆಗೆ ಗಂಜಿ ಹಾಕಲು ಹುಣಸೆಬೀಜ ಬೇಕು. ತೆಲಂಗಾಣದ ಮನೆಗಳಲ್ಲಿ ಬೇಳೆಗೆ ಅದರ ಚಿಗುರು ಬೇಕು. ಹೈದರಾಬಾದಿನ ಖಟ್ಟೀ ದಾಲಿಗೂ ಮಿರ್ಚಿ ಕಾ ಸಾಲನ್ನಿಗೂ ನಮ್ಮ ಪುಳಿಯೋಗರೆಗೂ ಹಣ್ಣು ಬೇಕು. ಮರ ಮಾತ್ರ ಯಾರಿಗೂ ಬೇಡವಾದರೆ ನಡೆದೀತೆ? ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಎಂದು ವ್ಯರ್ಥವಾದ ಕೆಲಸಕ್ಕೆ ನಮ್ಮಲ್ಲಿ ಗಾದೆಯುಂಟು. ಸಾವಿರಾರು ವರ್ಷ ಕೂಡಿದ ಸಂಪತ್ತನ್ನು ನಾವು ಒಂದು ತಲೆಮಾರಿನಲ್ಲಿ ಹಾಗೆ ಹೊಳೆಗೆ ಕಲಸಿಬಿಡಬಾರದು.

ರಾಜ್ಯೋತ್ಸವದ ಸಂಚಿಕೆಯಲ್ಲಿ ಹುಣಸೆಯ ಪುರಾಣವೇಕೆ ಎಂದು ಕೆಲವರಿಗೆ ಅನ್ನಿಸಿರಬಹುದು. 1956ರ ನವೆಂಬರ್ 1ರಂದು ಬೀದರ್, ಗುಲ್ಬರ್ಗ, ರಾಯಚೂರುಗಳು ಹೈದರಾಬಾದು ರಾಜ್ಯದಿಂದ ಕಳಚಿ ಕನ್ನಡ ರಾಜ್ಯವನ್ನು ಸೇರಿದುವು. ನಮ್ಮ ಚಿರಕಾಲದ ಕನಸು ನನಸಾದ ದಿನ ಅದು. ಅದೇ ದಿನ, ಈ ನಗರದಲ್ಲಿ ಅಂಗಡಿ ಇಟ್ಟಿದ್ದ, ಕಚೇರಿಯಲ್ಲಿದ್ದ, ಮನೆ ಕಟ್ಟಿದ್ದ ಕನ್ನಡಿಗರು ಇದ್ದಲ್ಲಿಂದ ಒಂದು ಹೆಜ್ಜೆ ಅಲುಗದೆಯೇ ಹೊರನಾಡಿನವರಾದರು. ಆಮೇಲೆ ಮೈಸೂರು, ಧಾರವಾಡ, ಮಂಗಳೂರುಗಳಿಂದ ಬಂದವರು ಕೂಡಿಕೊಂಡರು. ನಮ್ಮ ಸಂಘದಲ್ಲಿ ಬೀದರಿನವರ ಮಾತಿಗೆ ಮೈಸೂರಿನವರು ನಗುವುದೂ, ಮಂಗಳೂರಿನವರ ಮಾತಿಗೆ ಇಬ್ಬರೂ ನಗುವುದೂ ನಡೆದೇ ಇದೆ. ಪುಸ್ತಕದ ಕನ್ನಡ ಕಸಿಯ ಗಿಡ. ಅದು ಬೇಕು, ಎಲ್ಲರಿಗೂ ಸಮನಾದ ಫಲ ಕೊಡುತ್ತದೆ. ಆದರೆ ಅಜ್ಜಿಯ ಬಾಯಿಯ ಕನ್ನಡ ಬೀಜದ ಮರ. ಮಕ್ಕಳು ಅದನ್ನು ನಾಚಿಕೆಯಿಂದ ಬಿಟ್ಟರೆ ಪುಸ್ತಕದ ಕನ್ನಡಕ್ಕೆ ನಾಳೆ ಕಡ್ಡಿ ಸಿಕ್ಕುವುದಿಲ್ಲ.

ಕೊನೆಯದಾಗಿ ನಮ್ಮ ಕೈಲಾಗುವ ಎರಡು ಕೆಲಸ ಹೇಳಿ ಮುಗಿಸುತ್ತೇವೆ. ಮೊದಲನೆಯದು, ಈ ಸಲ ಬೇಗಂ ಬಜಾರಿನಿಂದ ಬೀಜದ ಹುಣಸೆ ತಂದಾಗ ಬೀಜವನ್ನು ಕಸಕ್ಕೆ ಚೆಲ್ಲಬೇಡಿ. ಆ ಮುಷ್ಟಿಯಲ್ಲಿ ಹತ್ತಾರು ಊರಿನ ತಾಯಿಮರಗಳ ಮಕ್ಕಳಿವೆ. ಒಂದು ದಿನ ನೀರಿನಲ್ಲಿ ನೆನೆಹಾಕಿ, ಒಂದಿಷ್ಟನ್ನು ಚೀಲದ ಮಣ್ಣಿಗೆ ಊರಿ. ಎದ್ದ ಸಸಿಯನ್ನು ಶಾಲೆಯ ಬಯಲಿಗೋ, ದೇವಸ್ಥಾನದ ಅಂಗಳಕ್ಕೋ, ಊರಿನ ಹೊಲಕ್ಕೋ ಕೊಡಿ. ಎರಡನೆಯದು, ರಜೆಗೆ ಊರಿಗೆ ಹೋದಾಗ ನಿಮ್ಮ ಹೊಲದ, ಕೇರಿಯ ಹಳೆಯ ಮರಗಳ ಗುಣವನ್ನು ಹಿರಿಯರಿಂದ ಕೇಳಿ ಬರೆದುಕೊಳ್ಳಿ: ಯಾವುದು ಸಿಹಿ, ಯಾವುದು ಕೆಂಪು, ಯಾವುದು ಬರದಲ್ಲಿಯೂ ಬಿಟ್ಟದ್ದು. 2002ರ ಕಾಯಿದೆಯ ಪ್ರಕಾರ ಪ್ರತಿಯೊಂದು ಪಂಚಾಯಿತಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿಯ ಮೂಲಕ ಊರಿನ ಜೀವವೈವಿಧ್ಯದ ದಾಖಲೆ ಇಡಬೇಕು. ಆ ದಾಖಲೆಯಲ್ಲಿ ನಿಮ್ಮ ಮರದ ಹೆಸರು ಸೇರಿಸಿ. ಬರೆದಿಟ್ಟ ಮರವನ್ನು ಕಡಿಯುವವನು ಒಮ್ಮೆ ಯೋಚಿಸಿಯಾನು.

ಹುಣಸೆಮರ ಮುಪ್ಪಾದರೆ ಹುಳಿ ಮುಪ್ಪೇ ಎಂದು ನಮ್ಮ ಹಿರಿಯರು ಕೇಳಿದರು. ಪರದೇಶದಿಂದ ಬಂದ ಈ ಮರ ಸಾವಿರಾರು ವರ್ಷ ಪರನೆಲದಲ್ಲಿ ಬೇರುಬಿಟ್ಟೂ ತನ್ನ ಹುಳಿಯನ್ನು ಮರೆಯಲಿಲ್ಲ. ನೆಲಕ್ಕೆ ನೆರಳಾಯಿತು, ನೀರು ಬಂದ ದಿನ ನೆರೆಯವರನ್ನು ಹೊತ್ತು ನಿಂತಿತು. ಹೊರನಾಡಿನಲ್ಲಿ ಬಾಳುವ ಕನ್ನಡಿಗರಿಗೆ ಇದಕ್ಕಿಂತ ಒಳ್ಳೆಯ ಮೇಲ್ಪಂಕ್ತಿ ಬೇಕಿಲ್ಲ. ಸಂಘದ ಎಲ್ಲ ಬಂಧುಗಳಿಗೂ ರಾಜ್ಯೋತ್ಸವದ ಶುಭಾಶಯಗಳು.